ಬ್ಯಾಡ್ಜಿನ ಬೆನ್ನಿನ ಸಂಖ್ಯೆಯೊಂದನ್ನೇ ನಂಬಬೇಡಿ

ಸಂಪಾದಕರಿಗೆ,

ಮಾನ್ಯರೇ,

ಎರಡನೇ ಮಹಾಯುದ್ಧದ ಕಾಲದ ಜರ್ಮನಿಯ ರಾಜಕೀಯ ಬ್ಯಾಡ್ಜುಗಳ ಬಗ್ಗೆ ಪತ್ರಿಕೆಗಳಲ್ಲಿ ಬರಹ ಬಂದಾಗಲೆಲ್ಲ ಒಂದು ಮಾತು ತಪ್ಪದೆ ಇರುತ್ತದೆ: 'ಹಿಂಬದಿಯಲ್ಲಿ ಕಾರ್ಖಾನೆಯ ಗುರುತಿದೆ, ಹಾಗಾಗಿ ಇದು ಅಸಲಿ.' ಎಡವಟ್ಟಾಗುವುದು ಆ 'ಹಾಗಾಗಿ'ಯಲ್ಲೇ. ನಕಲು ಮಾಡುವವನು ಮೊದಲು ಕಲಿಯುವುದು ಆ ಗುರುತನ್ನೇ. ಅದನ್ನು ಓದಲು ಒಂದು ಕ್ರಮವಿದೆ. ಲೇಖಕರಿಗೂ ಸಂಗ್ರಾಹಕರಿಗೂ ಉಪಯೋಗಕ್ಕೆ ಬರಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಕೇಳಬೇಕಾದದ್ದು, ಈ ಸಂಖ್ಯೆ ಯಾವ ಪಟ್ಟಿಗೆ ಸೇರಿದ್ದು ಎಂದು. ನಾಜಿ ಪಕ್ಷದ ಸಮವಸ್ತ್ರ, ಬಿಲ್ಲೆ, ಬೆಲ್ಟುಗಳ ತಯಾರಿಕೆಗೆ ಪರವಾನಗಿ ಕೊಡುತ್ತಿದ್ದದ್ದು ಮ್ಯೂನಿಕ್‌ನಲ್ಲಿದ್ದ ರೈಷ್‌ಸೋಯ್ಗ್‌ಮೈಸ್ಟರೈ, ಅಂದರೆ ಆರ್‌ಝಡ್‌ಎಂ ಕಚೇರಿ. 1930ರ ದಶಕದ ನಡುವಿನಿಂದ ಪಕ್ಷದ ಬ್ಯಾಡ್ಜಿನ ಹಿಂದೆ ಈ ಕಚೇರಿಯ ವೃತ್ತಾಕಾರದ ಚಿಹ್ನೆ ಮತ್ತು 'ಎಂ1/52' ಬಗೆಯ ಸಂಕೇತ ಕಾಣಿಸುತ್ತವೆ. 'ಎಂ' ಎಂದರೆ ಲೋಹದ ಸಾಮಾನು, 1 ಎಂದರೆ ಬ್ಯಾಡ್ಜುಗಳ ವರ್ಗ, ಓರೆಗೆರೆಯ ಆಚೆಗಿನದು ತಯಾರಕರ ಸಂಖ್ಯೆ. 17 ಲ್ಯೂಡೆನ್‌ಷೈಡ್‌ನ ಆಸ್‌ಮನ್, 34 ಮಾರ್ಕ್‌ನೊಯ್‌ಕಿರ್ಷೆನ್‌ನ ಕಾರ್ಲ್ ವುರ್ಸ್ಟರ್, 52 ಮ್ಯೂನಿಕ್‌ನ ಡೆಷ್ಲರ್. ಬೆಲ್ಟಿನ ಬಕಲ್ಲುಗಳಿಗೆ ಎಂ4, ಕಠಾರಿಗಳಿಗೆ ಎಂ7 ವರ್ಗ. ಕೋಟಿನ ಬ್ಯಾಡ್ಜಿನ ಮೇಲೆ ಎಂ7 ಕಂಡರೆ ಮುಂದೆ ನೋಡುವ ಅಗತ್ಯವೇ ಇಲ್ಲ, ಕೆಳಗಿಡಿ.

ಇಲ್ಲಿಯೇ ಹೆಚ್ಚಿನವರು ಜಾರುವುದು. ಒಂದೇ ಕಾರ್ಖಾನೆ ಪಕ್ಷದ ಬ್ಯಾಡ್ಜನ್ನೂ ಸೈನ್ಯದ ಪದಕವನ್ನೂ ತಯಾರಿಸುತ್ತಿತ್ತು, ಆದರೆ ಎರಡಕ್ಕೂ ಸಂಖ್ಯೆ ಬೇರೆ. ಪದಕ ತಯಾರಕರ ಸಂಘ 1941ರಲ್ಲಿ ರೂಪುಗೊಂಡ ಮೇಲೆ ಚಿಲ್ಲರೆ ಮಾರಾಟದ ಪದಕಗಳಿಗೆ 'ಎಲ್/' ಸಂಖ್ಯೆಗಳು ಬಂದವು. ಸರ್ಕಾರವೇ ಪ್ರದಾನ ಮಾಡುವ ಪದಕಗಳಿಗೆ ಅಧ್ಯಕ್ಷರ ಕಚೇರಿ ಅಕ್ಷರವಿಲ್ಲದ ಬರಿಯ ಅಂಕಿಗಳನ್ನು ಕೊಟ್ಟಿತ್ತು. ಹೀಗಾಗಿ ಡೆಷ್ಲರ್‌ಗೆ ಪಕ್ಷದ ಪಟ್ಟಿಯಲ್ಲಿ ಎಂ1/52, ಸಂಘದ ಪಟ್ಟಿಯಲ್ಲಿ ಎಲ್/10, ಕಚೇರಿಯ ಪಟ್ಟಿಯಲ್ಲಿ 1. ಸ್ಟೈನ್‌ಹಾವರ್ ಉಂಡ್ ಲ್ಯೂಕ್‌ಗೆ ಎಂ1/63, ಎಲ್/16, 4. ಡೋಯ್ಮರ್‌ಗೆ ಎಂ1/120, ಎಲ್/11, 3. ಪಕ್ಷದ ಬ್ಯಾಡ್ಜಿನ ಬೆನ್ನಿಗೆ ಎಲ್/16 ಇದ್ದರೆ, ಆ ಕಾರ್ಖಾನೆ ನಿಜವಾಗಿ ಇತ್ತೆಂಬುದು ಅದರ ಪರವಾದ ಸಾಕ್ಷಿಯಾಗುವುದಿಲ್ಲ. ನಕಲಿನವನು ಪಟ್ಟಿ ಅದಲುಬದಲು ಮಾಡಿಕೊಂಡಿದ್ದಾನೆ, ಅಷ್ಟೇ.

ಇನ್ನು ತಯಾರಕರ ಗುರುತೇ ಅಲ್ಲದ ಬರಹಗಳು. 'ಗೆಸ್. ಗೆಷ್.' ಎಂದರೆ ವಿನ್ಯಾಸಕ್ಕೆ ಕಾನೂನಿನ ರಕ್ಷಣೆ ಇದೆಯೆಂದು. ಆರ್‌ಝಡ್‌ಎಂ ಸಂಕೇತಕ್ಕಿಂತ ಹಿಂದಿನ ಬ್ಯಾಡ್ಜುಗಳಲ್ಲಿ ಇದು ಸಾಮಾನ್ಯ. 'ಡಿಆರ್‌ಜಿಎಂ' ಎಂಬುದು ಉಪಯೋಗದ ವಿನ್ಯಾಸಕ್ಕೆ 1891ರ ಕಾನೂನಿನಡಿ ಮಾಡಿಸಿದ ನೋಂದಣಿ, ಎಷ್ಟೋ ಸಲ ಅದು ಪಿನ್ನಿನ ಜೋಡಣೆಗೆ ಮಾತ್ರ ಸಂಬಂಧಿಸಿದ್ದು. ಪಕ್ಷದ ಚಿನ್ನದ ಬ್ಯಾಡ್ಜಿನ ಹಿಂದಿರುವ ಸಂಖ್ಯೆ ಧರಿಸಿದವನ ಸದಸ್ಯತ್ವ ಸಂಖ್ಯೆ. ಮೊದಲ ಒಂದು ಲಕ್ಷ ಸಂಖ್ಯೆಗಳೊಳಗಿದ್ದು ಸದಸ್ಯತ್ವ ಮುರಿಯದವರಿಗೆ ಅದು ಸಲ್ಲುತ್ತಿದ್ದದ್ದರಿಂದ ಆರಂಕಿಯ ದೊಡ್ಡ ಸಂಖ್ಯೆ ಕಂಡರೆ ಪ್ರಶ್ನೆ ಕೇಳಲೇಬೇಕು. ಸಮಾವೇಶಗಳಲ್ಲಿ, ಚಂದಾ ಸಂಗ್ರಹದಲ್ಲಿ ಹಂಚಿದ ಅಗ್ಗದ ತಗಡಿನ ಬ್ಯಾಡ್ಜುಗಳ ಕತೆ ಸುಲಭ: ಹೆಸರು, ಊರು ಪೂರ್ತಿಯಾಗಿಯೇ ಇರುವುದುಂಟು. ಬಾನ್‌ನ ಹೋಫ್‌ಸ್ಟೆಟರ್, ನ್ಯೂರೆಂಬರ್ಗ್‌ನ ಲಾವರ್, ಮಿಟ್‌ವೈಡಾದ ವೆಖ್ಟ್‌ಲರ್ ಉಂಡ್ ಲಾಂಗೆ, ಹೀಗೆ.

ಓದುವ ಬಗೆ: 10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು, ಬೆಳಕು ಮಾತ್ರ ಪಕ್ಕದಿಂದ ಬರಲಿ. ಟಾರ್ಚನ್ನು ಮೇಜಿನ ಮಟ್ಟಕ್ಕೆ ತಂದು ಬ್ಯಾಡ್ಜನ್ನು ನಿಧಾನವಾಗಿ ಸುತ್ತ ತಿರುಗಿಸಿದರೆ ನೇರ ಬೆಳಕಿನಲ್ಲಿ ಮಾಯವಾಗಿದ್ದ ಅಂಕಿ ನೆರಳಾಗಿ ಏಳುತ್ತದೆ. ಜರ್ಮನ್ 1ಕ್ಕೆ ಉದ್ದನೆಯ ಮೂಗು ಇರುವುದರಿಂದ ಸವೆದಾಗ 7ರಂತೆ ಕಾಣುತ್ತದೆ. 3 ಮತ್ತು 8, ತಲೆಕೆಳಗಾದ 6 ಮತ್ತು 9 ಕೂಡ ಹಾಗೆಯೇ. ಆದರೂ ಸಂಶಯವಿದ್ದರೆ ತೆಳು ಟಿಶ್ಯೂ ಕಾಗದ ಹೊದಿಸಿ ಮೆತ್ತನೆಯ ಪೆನ್ಸಿಲ್ಲನ್ನು ಹಗುರವಾಗಿ ಆಡಿಸಿ. ಉಬ್ಬಿದ ಅಕ್ಷರಗಳಿಗೆ ಇದು ಚೆನ್ನಾಗಿ ನಡೆಯುತ್ತದೆ, ತಗ್ಗಿದವಕ್ಕೆ ಅಷ್ಟಾಗಿ ಇಲ್ಲ.

ಸಂಖ್ಯೆ ಓದಿದ ಮೇಲೆ ನಿಜವಾದ ಕೆಲಸ ಶುರು. ಎನಾಮಲ್ ಎಂದರೆ ಗಾಜು. ಅದನ್ನು ಪುಡಿ ಮಾಡಿ ಲೋಹದ ಗುಳಿಗಳಲ್ಲಿ ತುಂಬಿ ಸುಮಾರು 750ರಿಂದ 850 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸುತ್ತಾರೆ. ಸತು 419 ಡಿಗ್ರಿಗೇ ಕರಗಿಬಿಡುತ್ತದೆ. ಅಂದಮೇಲೆ ಸತುವಿನ ಬ್ಯಾಡ್ಜಿನ ಮೇಲೆ ಗಾಜಿನ ಎನಾಮಲ್ ಇರಲು ಸಾಧ್ಯವೇ ಇಲ್ಲ; ಇದ್ದರೆ ಅದು ಬಣ್ಣ ಅಥವಾ ರಾಳ. ಯುದ್ಧಕ್ಕೆ ಮೊದಲಿನ ಬ್ಯಾಡ್ಜುಗಳು ಹೆಚ್ಚಾಗಿ ಟೊಂಬಾಕ್, ಅಂದರೆ ತಾಮ್ರದ ಪಾಲು ಹೆಚ್ಚಿರುವ ಹಿತ್ತಾಳೆ. ತಾಮ್ರದ ಅಭಾವ ಬಿಗಿಯಾದಂತೆ ಉಕ್ಕು, ಸತು ಬಂದವು, ಅವುಗಳ ಜೊತೆ ಬಣ್ಣ ಬಳಿದ ಮುಖಗಳೂ ಬಂದವು. ಮಾರುವವನು 'ಯುದ್ಧಪೂರ್ವದ್ದು, ಎನಾಮಲ್' ಎಂದು ಕೊಟ್ಟ ಬ್ಯಾಡ್ಜನ್ನು ಅಂಗೈಯಲ್ಲಿ ತೂಗಿ ನೋಡಿ: ಅದೇ ಗಾತ್ರದ ಟೊಂಬಾಕ್‌ಗಿಂತ ಸತು ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಹಗುರ. ಟೊಂಬಾಕ್‌ಗೆ ಹಸಿರು ಕಿಲುಬು ಹಿಡಿಯುತ್ತದೆ, ಸತುವಿಗೆ ಬಿಳಿಯ ಪುಡಿ. ಆಯಸ್ಕಾಂತಕ್ಕೆ ಎರಡೂ ಅಂಟುವುದಿಲ್ಲ, ಆದರೆ ಪಿನ್ನು ಉಕ್ಕಿನದಾದರೆ ಅದಷ್ಟೇ ಅಂಟಿ ಇಡೀ ಬ್ಯಾಡ್ಜೇ ಉಕ್ಕೆಂಬ ಭ್ರಮೆ ಹುಟ್ಟಿಸುತ್ತದೆ. ಆಯಸ್ಕಾಂತವನ್ನು ಪಿನ್ನಿನಿಂದ ದೂರ, ಅಂಚಿಗೆ ತಾಗಿಸಿ.

ಬರಿಯ ಎನಾಮಲ್ ಬ್ಯಾಡ್ಜಿಗೆ ಆಮೇಲೆ ಯಾರಾದರೂ ಸಂಖ್ಯೆ ಕೆತ್ತಿದ್ದಾರೆಯೇ? ಅಸಲಿಯಲ್ಲಿ ಲೋಹವನ್ನು ಅಚ್ಚೊತ್ತಿದ ಮೇಲೆ ಗಾಜು ತುಂಬುತ್ತಾರೆ, ಆಗ ಗುರುತು ಮೊದಲೇ ಬಂದಿರುತ್ತದೆ. ಮುಗಿದ ಬ್ಯಾಡ್ಜಿನ ಹಿಂದೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದರೆ ಮುಂದಿನ ಗಾಜು ಸುಮ್ಮನಿರುವುದಿಲ್ಲ. ಸಂಖ್ಯೆಯ ನೇರಕ್ಕೆ, ಮುಖದ ಮೇಲೆ, ಕೂದಲೆಳೆಯ ಬಿರುಕುಗಳನ್ನು ಹುಡುಕಿ. ಅಂಕಿಯ ಸುತ್ತ ಲೋಹ ಏರಿಯಂತೆ ಎದ್ದಿದೆಯೇ ಎಂದೂ ನೋಡಿ.

ಎರಕದ ನಕಲನ್ನು ಅಳತೆ ಹಿಡಿಯುತ್ತದೆ. ಪಕ್ಷದ ಸಾಮಾನ್ಯ ಬ್ಯಾಡ್ಜು ಸುಮಾರು 23 ಮಿಲಿಮೀಟರ್ ಅಡ್ಡಗಲ. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದರೆ ತಣಿಯುವಾಗ ಲೋಹ ಕುಗ್ಗುತ್ತದೆ. ನೂರಕ್ಕೆ ಒಂದೂವರೆ ಕುಗ್ಗಿದರೂ 0.3 ಮಿಲಿಮೀಟರ್ ಮೀರಿ ಹೋಗುತ್ತದೆ, ಡಿಜಿಟಲ್ ಕ್ಯಾಲಿಪರ್‌ಗೆ ಅದು ಸಿಗುತ್ತದೆ. ಒಂದು ಎಚ್ಚರ: ಕಾರ್ಖಾನೆಯಿಂದ ಕಾರ್ಖಾನೆಗೆ ಅಸಲಿಗಳಲ್ಲೇ ಸಣ್ಣ ವ್ಯತ್ಯಾಸವಿರುತ್ತದೆ, ಆದ್ದರಿಂದ ಅದೇ ತಯಾರಕರ ಖಚಿತ ಅಸಲಿಯೊಂದಿಗೇ ಹೋಲಿಸಬೇಕು. ಎರಕದ ಗುರುತಿನಲ್ಲಿ ಅಕ್ಷರದ ಅಂಚು ಸೋಪಿನ ಬಿಲ್ಲೆಯಂತೆ ನುಣುಪಾಗಿರುತ್ತದೆ, ಬುಡದಲ್ಲಿ ಗಾಳಿಗುಳ್ಳೆಯ ಚುಕ್ಕೆಗಳಿರುತ್ತವೆ.

ಕಾಲವೂ ಕೂಡಿಬರಬೇಕು. ಆಸ್ಟ್ರಿಯಾ ಜರ್ಮನಿಗೆ ಸೇರಿದ್ದು 1938ರ ಮಾರ್ಚ್‌ನಲ್ಲಿ, ಸುಡೆಟನ್ ಪ್ರದೇಶ ಅದೇ ವರ್ಷದ ಅಕ್ಟೋಬರ್‌ನಲ್ಲಿ. ಆಸ್ಟ್ರಿಯಾದ ಗ್ರಾಜ್ ಅಥವಾ ಸುಡೆಟನ್ ಪ್ರದೇಶದ ಗಾಬ್ಲೊಂಝ್‌ನ ತಯಾರಕರ ಸಂಖ್ಯೆ ಹೊತ್ತು '1935ರ ಬ್ಯಾಡ್ಜು' ಎಂಬ ಚೀಟಿ ಅಂಟಿಸಿಕೊಂಡಿದ್ದರೆ ಚೀಟಿ ಸುಳ್ಳು, ಇಲ್ಲವೇ ಬ್ಯಾಡ್ಜು ಸುಳ್ಳು.

ತೊಳೆಯುವುದು, ಬ್ರಾಸೋ ಹಾಕಿ ಉಜ್ಜುವುದು ದಯವಿಟ್ಟು ಬೇಡ. ಕಿಲುಬಿನೊಂದಿಗೆ ಸಾಕ್ಷ್ಯವೂ ಹೋಗುತ್ತದೆ. ನೋಂದಣಿ ಪುಸ್ತಕದಲ್ಲಿ ಅಡ್ಡಗಲ, ತೂಕ, ಲೋಹ, ಪಿನ್ನಿನ ಬಗೆ ಮತ್ತು ಗುರುತನ್ನು ಕಂಡಂತೆಯೇ ಬರೆಯಿರಿ. ಓದಲಾಗದ ಅಂಕಿಯ ಜಾಗದಲ್ಲಿ ಪ್ರಶ್ನೆ ಚಿಹ್ನೆ ಇರಲಿ, ಊಹೆ ಬೇಡ.

ಪತ್ರಿಕೆಗೆ ಒಂದು ವಿನಂತಿ. ಇಂಥ ಬರಹಗಳ ಜೊತೆ ಸ್ವಸ್ತಿಕದ ಮುಖವನ್ನೇ ದೊಡ್ಡದಾಗಿ ಅಚ್ಚು ಹಾಕುವ ರೂಢಿಯಿದೆ. ಜರ್ಮನಿಯ ದಂಡಸಂಹಿತೆಯ 86ಎ ಕಲಂ ಇಂಥ ಚಿಹ್ನೆಗಳ ಸಾರ್ವಜನಿಕ ಬಳಕೆಯನ್ನು ಅಪರಾಧವೆಂದು ನೋಡುತ್ತದೆ, ಶಿಕ್ಷಣ, ಸಂಶೋಧನೆ, ಕಲೆ, ವರದಿಗಾರಿಕೆ ಮುಂತಾದವಕ್ಕೆ ವಿನಾಯಿತಿಯಿದೆ. ಮುಂಬದಿಯ ಚಿತ್ರದಿಂದ ಗುರುತಿನ ಬಗ್ಗೆ ಓದುಗನಿಗೆ ಏನೂ ತಿಳಿಯುವುದಿಲ್ಲ. ಪಕ್ಕದ ಬೆಳಕಿನಲ್ಲಿ ತೆಗೆದ ಹಿಂಬದಿಯ ಚಿತ್ರವನ್ನು, ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿಯಿಟ್ಟು, ಅಚ್ಚು ಹಾಕಿ.

ಇಂತಿ,
ಪದಕ ಮತ್ತು ಬ್ಯಾಡ್ಜುಗಳ ಅಧ್ಯಯನದಲ್ಲಿ ತೊಡಗಿರುವ ಓದುಗರು