ಎದೆಯುರಿಗೆ ಮಾತ್ರೆ ಒಂದೇ ಮದ್ದಲ್ಲ

ಮಾನ್ಯರೇ,

ಎದೆಯುರಿ, ಹುಳಿತೇಗು ಬಂದ್ರೆ 'ಗ್ಯಾಸ್ಟ್ರಿಕ್ ಅಷ್ಟೇ ಬಿಡಿ' ಅಂತ ಚೀಟಿ ಇಲ್ದೇನೇ ಮೆಡಿಕಲ್ ಶಾಪಿಂದ ಹೊಟ್ಟೆ ಆಸಿಡ್ ಕಮ್ಮಿ ಮಾಡೋ ಪ್ಯಾಂಟೊಪ್ರಜೋಲ್ ಮಾತ್ರೆ ಸ್ಟ್ರಿಪ್ ತಂದು ತಿಂಗಳುಗಟ್ಟಲೆ ನುಂಗೋದು ಈಗ ಮನೆಮನೆ ಕಥೆ ಆಗಿಬಿಟ್ಟಿದೆ. ಭಾರತದಲ್ಲಿ ನಡೆದ ಬೇರೆಬೇರೆ ಸಮೀಕ್ಷೆಗಳ ಪ್ರಕಾರ ಆಸಿಡ್ ರಿಫ್ಲಕ್ಸ್ (ಹೊಟ್ಟೆ ಆಸಿಡ್ ಅನ್ನನಾಳಕ್ಕೆ ವಾಪಸ್ ಬರೋ) ಕಾಯಿಲೆ ಶೇ 7.6ರಿಂದ 30ರಷ್ಟು ಜನರಲ್ಲಿದೆ, ಅಂದ್ರೆ ಕಮ್ಮಿ ಏನಲ್ಲ.

ಎಲ್ಲರೂ ಖಾರದ ಮೇಲೇ ತಪ್ಪು ಹೊರಿಸ್ತಾರೆ, ಪಾಪ ಮೆಣಸಿನಕಾಯಿ! ಆದ್ರೆ ಅನ್ನನಾಳದ ಕೆಳತುದಿಯಲ್ಲಿರೋ ಸ್ನಾಯು ಸಡಿಲ ಆದಾಗ್ಲೇ ಹೊಟ್ಟೆ ಆಸಿಡ್ ಮೇಲಕ್ಕೆ ಬರೋದು, ಅದಕ್ಕೆ ಬೊಜ್ಜು, ಸಿಗರೇಟು, ಗರ್ಭಾವಸ್ಥೆ, ಕೆಲವು ಬಿಪಿ ಮಾತ್ರೆಗಳೂ ಕಾರಣ ಆಗ್ತವೆ. ಅದ್ರ ಜೊತೆಗೆ ಬೆಂಗಳೂರಿನ ಶಿಫ್ಟ್ ಕೆಲಸದವರು ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದು ಬಿರಿಯಾನಿ ಆರ್ಡರ್ ಮಾಡಿ, ತಿಂದು ಮೊಬೈಲ್ ನೋಡ್ತಾ ಹಾಗೇ ಅಡ್ಡಾಗ್ತಾರೆ, ಇನ್ನು ಉರಿಯದೇ ಇರುತ್ತಾ? ಊಟಕ್ಕೂ ನಿದ್ದೆಗೂ ಎರಡ್ಮೂರು ಗಂಟೆ ಅಂತರ ಇರ್ಬೇಕು, ಮಂಚದ ತಲೆಕಡೆ ಕಾಲಿನ ಕೆಳಗೆ ಇಟ್ಟಿಗೆ ಇಟ್ಟು ಎತ್ತರ ಮಾಡಿದ್ರೂ, ಎಡಮಗ್ಗುಲಿಗೆ ಮಲಗಿದ್ರೂ ಎಷ್ಟೋ ಜನಕ್ಕೆ ಕಮ್ಮಿ ಆಗುತ್ತೆ.

ಇನ್ನೊಂದು ಭಯ ಏನಂದ್ರೆ ಹಾರ್ಟ್ ಅಟ್ಯಾಕ್ ಕೂಡ ಕೆಲವೊಮ್ಮೆ ಎದೆಯುರಿ ಥರಾನೇ ಇರುತ್ತೆ, ಗ್ಯಾಸ್ ಅಂತ ಸೋಡಾ ಕುಡಿದು ಕೂತ್ರೆ ಕಷ್ಟ.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ಚೆಕ್ ಮಾಡೋವಾಗ್ಲೇ 'ವಾರಕ್ಕೆ ಎಷ್ಟು ಸಲ ಎದೆ ಉರಿಯುತ್ತೆ, ನುಂಗೋಕೆ ಕಷ್ಟ ಆಗುತ್ತಾ, ಗ್ಯಾಸ್ ಮಾತ್ರೆ ಎಷ್ಟು ದಿನದಿಂದ ತಗೋತಿದ್ದೀರಿ' ಅಂತನೂ ಕೇಳಿ ಬರ್ಕೊಳ್ಳೋ ವ್ಯವಸ್ಥೆಯನ್ನ ಆರೋಗ್ಯ ಇಲಾಖೆ ಮಾಡ್ಲಿ.

– ಓರ್ವ ಓದುಗ, ಬೆಂಗಳೂರು