ತುರ್ತು ಚಿಕಿತ್ಸೆಗೆ ಪ್ರತ್ಯೇಕ ತರಬೇತಿ ಬೇಕು

ಮಾನ್ಯ ಸಂಪಾದಕರೇ,

2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಕಾಯ್ದೆ, ವೈದ್ಯರ ಕೈಕೆಳಗೆ ಚಿಕಿತ್ಸೆಗೆ ನೆರವಾಗುವ ಫಿಸಿಷಿಯನ್ ಅಸಿಸ್ಟೆಂಟ್‌ಗಳನ್ನು ಗುರುತಿಸಿದೆ. ಆದರೆ ತುರ್ತು ವಿಭಾಗಕ್ಕೆ ಪದವಿಯ ಕಲಿಕೆಯೊಂದೇ ಸಾಲದು. ಅಮೆರಿಕದಲ್ಲಿ ಇವರಿಗೆ ಪದವಿಯ ನಂತರ 12ರಿಂದ 18 ತಿಂಗಳ ತುರ್ತು ಚಿಕಿತ್ಸಾ ತರಬೇತಿಗಳಿವೆ. ಚಿಕ್ಕಮಗಳೂರಿನಲ್ಲೂ ಅಂಥದ್ದು ಶುರುವಾಗಲಿ, ಪಠ್ಯ ಮಾತ್ರ ಮಲೆನಾಡಿನದಾಗಿರಲಿ.

ಹಾವು ಕಚ್ಚಿದವರ ರಕ್ತ 20 ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆಯೇ ಎಂಬ ಪರೀಕ್ಷೆಯನ್ನೇ ನೋಡಿ. ಒಣಗಿದ, ಶುದ್ಧ ಗಾಜಿನ ನಳಿಕೆಗೆ 2 ಮಿ.ಲೀ. ರಕ್ತ ಹಾಕಿ, ಅಲುಗಾಡಿಸದೆ ಇಟ್ಟು, ಆಮೇಲೆ ಒಮ್ಮೆ ವಾಲಿಸಿ ನೋಡಬೇಕು. ಹೆಪ್ಪುಗಟ್ಟದಿದ್ದರೆ ವಿಷ ರಕ್ತಕ್ಕೇರಿದೆ ಎಂದು ತಿಳಿದು ಪ್ರತಿವಿಷ ಕೊಡುತ್ತಾರೆ. ಪ್ಲಾಸ್ಟಿಕ್ ನಳಿಕೆಯಾದರೆ ಅಥವಾ ಸೋಪಿನ ಪುಡಿಯಲ್ಲಿ ತೊಳೆದಿದ್ದರೆ, ಸರಿಯಿರುವ ರಕ್ತವೂ ಹೆಪ್ಪುಗಟ್ಟದೇ ಉಳಿಯಬಹುದು. ಆಗ ಬೇಡದ ಪ್ರತಿವಿಷ ದೇಹಕ್ಕೆ ಹೋಗುತ್ತದೆ. ನಮ್ಮಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು ಮತ್ತು ಎರಡು ಬಗೆಯ ಮಂಡಲಗಳ ವಿಷದಿಂದ. ತೋಟದ ಗುಳಿಮಂಡಲಗಳಿಗೆ (ಪಿಟ್ ವೈಪರ್) ಅದನ್ನು ನೆಚ್ಚುವಂತಿಲ್ಲ.

ಹೆಜ್ಜೇನು ಕಚ್ಚಿ ಉಸಿರು ಕಟ್ಟಿದ ವಯಸ್ಕರಿಗೆ ಮೊದಲು ಬೇಕಾದ್ದು ತೊಡೆಯ ಹೊರಬದಿಯ ಸ್ನಾಯುವಿಗೆ 0.5 ಮಿ.ಗ್ರಾಂ ಅಡ್ರಿನಲಿನ್. ಅಲರ್ಜಿಯ ಮದ್ದು ಏವಿಲ್, ಸ್ಟಿರಾಯ್ಡ್ ಆಮೇಲೆ. ಈ ಕ್ರಮ ಹಲವೆಡೆ ತಲೆಕೆಳಗಾಗಿರುತ್ತದೆ!

ಕೀಟನಾಶಕ ಕುಡಿದವರಿಗೆ ಅದರ ವಿಷ ತಗ್ಗಿಸುವ ಅಟ್ರೋಪಿನ್ ಮದ್ದು ಕೊಡುವಾಗ ಕಣ್ಣಿನ ಪಾಪೆ ಹಿಗ್ಗಿತೆಂದು ನಿಲ್ಲಿಸುವುದೂ ತಪ್ಪೇ. ಶ್ವಾಸಕೋಶದ ಕಫ ಆರಿ, ನಾಡಿ, ರಕ್ತದೊತ್ತಡ ಸರಿಯಾಗುವವರೆಗೆ ಸುಮಾರು ಐದೈದು ನಿಮಿಷಕ್ಕೆ ಪ್ರಮಾಣ ಇಮ್ಮಡಿಸಬೇಕು.

ಇವೆಲ್ಲ ವೈದ್ಯರ ಮೇಲ್ವಿಚಾರಣೆಯಲ್ಲೇ ನಡೆಯಬೇಕು. ರಾತ್ರಿ ಪಾಳಿಯೂ ಕಡ್ಡಾಯವಿರಲಿ. ಕೊನೆಗೆ ಬರೀ ಲಿಖಿತ ಪರೀಕ್ಷೆ ನಡೆಸಿ ಸರ್ಟಿಫಿಕೇಟ್ ಹಂಚುವುದಾದರೆ ಈ ಕೋರ್ಸೇ ಬೇಡ.

– ತುರ್ತು ಚಿಕಿತ್ಸಾ ತರಬೇತುದಾರರು, ಚಿಕ್ಕಮಗಳೂರು