‘ಪುನರ್ಭೂ’ ಸಾಕು, ‘ಉಡಿಕೆ’ಯೂ ಬರಲಿ

ಮಾನ್ಯರೇ,

ಭಾನುವಾರದ ಪದಬಂಧದಲ್ಲಿ ‘ಮರುಮದುವೆಯಾದವಳು’ ಎಂಬ ಸುಳಿವಿಗೆ ‘ಪುನರ್ಭೂ’ ಹೊಳೆಯುವಷ್ಟರಲ್ಲಿ ನನ್ನ ಎರಡು ಲೋಟ ಕಾಫಿ ಮುಗಿದಿತ್ತು. ಸ್ಮೃತಿಗಳ ಪದವಿದು. ಅವಳ ಮಗ ‘ಪೌನರ್ಭವ’. ಮನುಸ್ಮೃತಿ ಅವನನ್ನು ಬಂಧುವೆಂದು ಒಪ್ಪುತ್ತದೆ, ಆಸ್ತಿಯಲ್ಲಿ ಪಾಲು ಮಾತ್ರ ಇಲ್ಲ! ವಿಧವೆಯ ಮರುಮದುವೆಗೆ ನಮ್ಮ ಊರಮಾತಾದ ‘ಉಡಿಕೆ’ಗೆ ಈ ಬಿಗುವಿಲ್ಲ. ‘ಉಡು’ವಿನಿಂದ ಬಂದದ್ದು: ವಿಧವೆಗೆ ಹೊಸ ಸೀರೆ ಉಡಿಸಿದರೆ ಮದುವೆಯಾದಂತೆ. ಇಲ್ಲಿ ಕೊಡವರಲ್ಲಿ ಇಂಥ ಮದುವೆಗೆ ‘ಕೂಡಾವಳಿ ಮಂಗಲ’ ಎಂಬ ಹೆಸರೇ ಇದೆ, ಅದೂ ‘ಮಂಗಲ’ವೇ. 1899ರಲ್ಲಿ ಗುಲ್ವಾಡಿ ವೆಂಕಟರಾಯರು ಬಾಲವಿಧವೆಗೆ ಮರುಮದುವೆ ಮಾಡಿಸಿದ ‘ಇಂದಿರಾಬಾಯಿ’ ಕಾದಂಬರಿ ಪಠ್ಯದಲ್ಲಿ ಸಿಗುತ್ತದೆ. ಈ ಊರಮಾತುಗಳು ಸಿಗುವುದಿಲ್ಲ. ಮುಂದಿನ ಪದಬಂಧದಲ್ಲಿ ‘ಉಡಿಕೆ’ಗೆ ಮೂರು ಚೌಕ ಕೊಡಿ.

– ನಿವೃತ್ತ ಕನ್ನಡ ಅಧ್ಯಾಪಕ, ವಿರಾಜಪೇಟೆ